ಗುಂಡುಕಲ್ಲಿನ ಗೇರ್ ನಾಬ್

ನನ್ನ ಗಂಡ ಮೋಹನ್‌ಬಾಬುವಿಗೆ ದುಂಡಗಿರುವುದೇನು ಕಂಡರೂ ಕೈ ಸುಮ್ಮನಿರುವುದಿಲ್ಲ. ಅದಕ್ಕೊಂದು ತೂತು ಕೊರೆದು, ಒಳಗೆ ನಟ್ಟು ಕೂರಿಸಿ, ಎಂಸೀಲ್ ಮೆತ್ತಿ, ಯಾರದಾದರೂ ಗಾಡಿಯ ಗೇರ್ ರಾಡಿನ ತುದಿಗೆ ಹಿಡಿ ಮಾಡಿ ತಿರುಗಿಸಲೇಬೇಕು. ಮಗಳ ಬುಗುರಿ ಹಾಗೆ ಹೋಯಿತು. ಹಳೇ ಮಂಚದ ಹಿತ್ತಾಳೆ ಗುಂಡು ಯಾವುದೋ ಟೊಮ್ಯಾಟೊ ಟೆಂಪೊ ಹತ್ತಿತು. ಪೆರೇಸಂದ್ರದ ಹೈವೇ ಪಕ್ಕದ ನಮ್ಮ ಮನೆ ಜಗಲಿಯಲ್ಲಿ ದಿನವೂ ಡ್ರಿಲ್ಲಿನ ಗಲಾಟೆ, ಅನ್ನದಲ್ಲಿ ಮರದ ಪುಡಿ. ಡ್ರೈವರುಗಳು ಬಂದು "ಏನ್ ಕೈಯಣ್ಣಾ ನಿಂದು!" ಎಂದರೆ ಇವರು ಉಬ್ಬಿಹೋಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಹೋದ ವರ್ಷ ಚಿಂತಾಮಣಿಯ ನಮ್ಮ ಬೀಗರು ಹರಿಕೃಷ್ಣ ಕಾರು ಕೊಂಡರು. ಇವರು ಉಡುಗೊರೆಯೆಂದು ಕಪ್ಪು ಕಲ್ಲಿನ ನಾಬ್ ಒಂದನ್ನು ಹಾಕಿಕೊಟ್ಟು ಬಂದರು. ನುಣ್ಣಗೆ, ತಣ್ಣಗೆ, ಅಂಗೈ ತುಂಬುವಂಥದ್ದು. ಯಾವುದೋ ಕ್ವಾರಿಯ ಕಲ್ಲಿರಬೇಕೆಂದು ನಾನು ಸುಮ್ಮನಿದ್ದೆ.

ಮೊನ್ನೆ ಮಗಳು ಯಾಮಿನಿಯ ಕೂಸಿಗೆ ನಮ್ಮಲ್ಲೇ ಹೆಸರಿಡುವ ಶಾಸ್ತ್ರ. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಬೇಕು, ಮಗು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ನಮ್ಮ ಮನೆಯದು ಔಷಧಿ ಅರೆಯುವ ಪುಟ್ಟ ಒರಳಿನ ಗುಂಡು. ಇವರೂ, ಯಾಮಿನಿಯೂ ಅದರ ಹಿಂದೆಯೇ ತೊಟ್ಟಿಲು ಸೇರಿದವರು.

"ಗುಂಡೆಲ್ಲಮ್ಮಾ ಕವಿತ?" ಅತ್ತೆ ಓಬಳಮ್ಮ ಕೇಳಿದರು. ಒರಳಿತ್ತು, ಗುಂಡಿರಲಿಲ್ಲ. ನಾನು ಗಂಡನ ಮುಖ ನೋಡಿದೆ. ಅವರು ಸರಸರನೆ ಹೊರಗೆ ಹೋದರು. ಬೀಗರ ಕಾರಿನ ಕಪ್ಪು ನಾಬ್ ಯಾವ ಕಲ್ಲೆಂದು ಆಗ ಗೊತ್ತಾಯಿತು.

ತೊಟ್ಟಿಲ ಶಾಸ್ತ್ರ ಹೆಂಗಸರದು. ಗಂಡಸರು ಶಾಮಿಯಾನದಡಿ ಕೂತು ಊಟಕ್ಕೆ ಕಾಯುತ್ತಾರೆ. ಹುಟ್ಟಿ ಬೆಳೆದ ಮನೆಯಲ್ಲೇ ಆ ಕಲ್ಲು ಏತಕ್ಕೆಂದು ಇವರಿಗೆ ತಿಳಿದಿರಲಿಲ್ಲ. ಮಿಕ್ಸಿ ಬಂದ ಮೇಲೆ ಬೇಡವಾದ ಸಾಮಾನು ಅಂದುಕೊಂಡಿದ್ದರಂತೆ.

ಅಂಗಳದಿಂದ ಹರಿಕೃಷ್ಣರ ಕೂಗು ಕೇಳಿಸಿತು. "ಏನ್ರೀ ಬೀಗ್ರೇ, ಕೊಟ್ಟಿದ್ದನ್ನ ಕದ್ದು ಕಿತ್ಕೊಳ್ತಾ ಇದೀರಲ್ರೀ!" ಇವರು ಕಾರಿನೊಳಗೆ ಬಗ್ಗಿ ನಾಬ್ ತಿರುಗಿಸುತ್ತಿದ್ದರು. ಬೀಗಿತಿ ವೆಂಕಟರತ್ನಮ್ಮ ಬಂದು ಕಲ್ಲನ್ನು ಇವರ ಕೈಯಿಂದ ಕಿತ್ತುಕೊಂಡು, ನಡುಮನೆಯ ಕುರ್ಚಿಯಲ್ಲಿ ಮಡಿಲಿಗಿಟ್ಟುಕೊಂಡು ಕೂತರು.

ಯಾಮಿನಿಯನ್ನು ಕಳಿಸಿ ಎಂದು ಅವರು ಮೊದಲಿನಿಂದಲೂ ಪೀಡಿಸುತ್ತಿದ್ದರು. ನಾನು ಐದು ತಿಂಗಳು ತುಂಬಲಿ ಎಂದಿದ್ದೆ. ಮಗಳಿಗೆ ಆಪರೇಷನ್ನಿನ ನೋವು ಇನ್ನೂ ಮಾಸಿರಲಿಲ್ಲ, ಕೂಸು ಕಡ್ಡಿಯ ಹಾಗಿತ್ತು. ಅವರ ಮನೆಯಲ್ಲಿ ಅವಳಿಗೆ ಸೊಂಟ ನೇರ ಮಾಡಲೂ ಬಿಡುವುದಿಲ್ಲವೆಂದು ನನಗೆ ಗೊತ್ತು.

"ಏಮಮ್ಮಾ, ಉಡುಗೊರೆ ಅಂತ ಅಡುಗೆಮನೆ ಕಲ್ಲು ಕೊಟ್ರಿ. ಈಗ ಅದೂ ವಾಪಸ್ ಬೇಕಾ?" ಎಂದರು ವೆಂಕಟರತ್ನಮ್ಮ. "ತಗೊಳ್ಳಿ, ಬೇಡ ಅನ್ನಲ್ಲ. ಆದ್ರೆ ತಾಯಿ, ಮಗು ಇವತ್ತೇ ನಮ್ ಜೊತೆ ಬರ್ಬೇಕು."

"ತೆಂಗಿನಕಾಯಿ ಇಟ್ಟು ಮಾಡೋಣ ಅತ್ತೆ" ಎಂದೆ.

"ಆ ಕಲ್ಲಿಲ್ದೆ ಈ ಮನೇಲಿ ಒಂದ್ ಕೂಸೂ ತೊಟ್ಲಿಗೆ ಹೋಗಿಲ್ಲ ಕಣೇ" ಎಂದರು ಅತ್ತೆ. ತೂತು ಬಿದ್ದಿದ್ದರೂ ಅವರಿಗೆ ಅದೇ ಬೇಕು. ನೆಂಟರೆಲ್ಲ ನನ್ನನ್ನೇ ನೋಡುತ್ತಿದ್ದರು. ಅಳಿಯ ಮೂಲೆಯಲ್ಲಿ ಫೋನ್ ಒತ್ತುತ್ತಿದ್ದ. ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು.

"ಹೋಗ್ತೀನಿ ಬಿಡಮ್ಮ, ಜಗಳ ಸಾಕು" ಎಂದಳು ಯಾಮಿನಿ. ಬಟ್ಟೆ ಮಡಚಲು ಎದ್ದವಳು ಗೋಡೆ ಹಿಡಿದುಕೊಂಡೇ ನಡೆದಳು.

ಕಲ್ಲು ಮಲಗಿತು, ಆಮೇಲೆ ಕೂಸು ಮಲಗಿತು, ಹೆಸರಿಟ್ಟರು, ಹೋಳಿಗೆ ಉಂಡರು. ಹೊತ್ತು ಮುಳುಗುವ ಮುಂಚೆ ಮಗಳು, ಮೊಮ್ಮಗಳು ಕಾರು ಹತ್ತಿದರು.

ಕಾರು ಹೈವೇ ಸೇರಿದ ಮೇಲೆ ಇವರು ಒಳಗೆ ಬಂದು ತೊಟ್ಟಿಲಲ್ಲೇ ಉಳಿದಿದ್ದ ಕಲ್ಲಿಗೆ ಕೈ ಹಾಕಿದರು. "ನಟ್ಟು ತೆಗ್ದು ತೂತು ಮುಚ್ಬಿಡ್ತೀನಿ, ಗೊತ್ತೇ ಆಗಲ್ಲ."

"ಮುಟ್ಟಿದ್ರೆ ಕೈ ಮುರೀತೀನಿ!" ಬೀದಿಗೆ ಕೇಳುವ ಹಾಗೆ ಕಿರುಚಿದೆ. ಕಿರುಚಿದವಳೇ, ಮಗು ಎದ್ದೀತೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಏಳಲು ಮಗುವೆಲ್ಲಿತ್ತು?