ಜ್ವಾಲಾಮುಖಿಗೆ ಬಿದ್ದ ಒಣಮೆಣಸಿನಕಾಯಿ

ನಮ್ಮ ಜೆ.ಪಿ. ನಗರದ ಪಾನಿಪುರಿ ಗಾಡಿಯವನು ಕಪ್ಪು ಉಪ್ಪಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ನನಗೆ ಜಾವಾ ದ್ವೀಪದ ಜ್ವಾಲಾಮುಖಿ ನೆನಪಾಗುತ್ತದೆ. ನಗಬೇಡಿ, ಎರಡಕ್ಕೂ ಅದೇ ಗಂಧಕದ ವಾಸನೆ. ಪಕ್ಕದಲ್ಲಿ ಪರಿಚಯದವರು ಸಿಕ್ಕರಂತೂ ಮುಗಿಯಿತು. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಹೊಗೆಯುಗುಳುವ ಬೆಟ್ಟದ ಬಾಯಿಗೆ ಇಣುಕಿ ಬಂದ ನನ್ನ ಧೈರ್ಯದ ಕಥೆಯನ್ನು ಅವರು ಕೇಳಲೇಬೇಕು. ನಿನ್ನೆ ಸಿಕ್ಕಿಬಿದ್ದವರು ಎದುರು ಮನೆಯ ಆಂಟಿ.

ಕಥೆಯ ಮೊದಲರ್ಧ ನಿಜ. ಹೋದ ಬೇಸಿಗೆ ರಜೆಗೆ ಹೆಂಡತಿ ಸಮುದ್ರತೀರ ಸಾಕೆಂದಳು, ನಾನೇ ಹಟ ಹಿಡಿದೆ. ಎಂಟು ವರ್ಷದ ಮಗಳಿಗೂ ಐದು ವರ್ಷದ ಮಗನಿಗೂ "ಅಪ್ಪ ಇರ್ತೀನಲ್ಲ, ಯಾಕೆ ಭಯ?" ಎಂದು ತಿಂಗಳಿಡೀ ಧೈರ್ಯ ತುಂಬಿದೆ. ಜೊತೆಗೆ ಅಮ್ಮನೂ ಹೊರಟಳು. ಅವಳ ಚೀಲದಲ್ಲಿ ಚಟ್ನಿಪುಡಿ, ಅವಲಕ್ಕಿ, ಒಂದು ಪೊಟ್ಟಣದಲ್ಲಿ ಕಲ್ಲುಪ್ಪು, ಒಣಮೆಣಸಿನಕಾಯಿ. ಮೊಮ್ಮಕ್ಕಳು ಹೊಸ ಬಟ್ಟೆ ಹಾಕಿದರೂ ದೃಷ್ಟಿ ತೆಗೆದು ಒಲೆಗೆ ಹಾಕುವವಳು ಅವಳು.

"ಹೋಟ್ಲಲ್ಲಿ ಒಲೆ ಎಲ್ಲಿರುತ್ತಮ್ಮ?" ಎಂದು ಗೇಲಿ ಮಾಡಿದ್ದೆ.

ಜೀಪು ಬೂದಿಯ ಬಯಲಲ್ಲಿ ಇಳಿಸಿತು. ಅಲ್ಲಿಂದ ಬೆಟ್ಟದ ಬಾಯಿಯವರೆಗೂ ಮೆಟ್ಟಿಲು. ಮಗ ಎಣಿಸುತ್ತ ಹತ್ತಿದ, ಅಮ್ಮ ಕೂತು ಕೂತು ಹತ್ತಿದಳು. ಮೇಲೆ ನಿಂತು ಒಳಗೆ ಬಗ್ಗಿ ನೋಡಿದೆ. ಬರೀ ಹೊಗೆ, ಅದರ ತಳದಿಂದ ಲೋಡು ಲಾರಿ ಏರು ಹತ್ತುವಂಥ ಸದ್ದು. ಅಂಚಿನ ಕಂಬಿ ತಬ್ಬಿಕೊಂಡು ಕುಳಿತುಬಿಟ್ಟೆ.

"ಏಳ್ರೀ, ಇಳಿಯೋಣ," ಎಂದಳು ಹೆಂಡತಿ.

"ಆಗಲ್ಲ ಕಣೆ."

ನಿಜಕ್ಕೂ ಆಗುತ್ತಿರಲಿಲ್ಲ. ನನ್ನ ಮುಖ ನೋಡಿ ಮಗನ ತುಟಿ ನಡುಗತೊಡಗಿತು. ಇವರನ್ನೆಲ್ಲ ಇಲ್ಲಿಗೆ ಎಳೆದು ತಂದವನು ನಾನು, ಇಳಿಸಿಕೊಂಡು ಹೋಗಬೇಕಾದವನೂ ನಾನು. ಅಳು ಬರುವುದೊಂದು ಬಾಕಿ.

ಅಮ್ಮ ಪೊಟ್ಟಣ ಬಿಚ್ಚಿದಳು. ಮಕ್ಕಳಿಗೆ ಇರಬೇಕೆಂದುಕೊಂಡೆ. ಅವಳು ನಿವಾಳಿಸಿದ್ದು ನನಗೆ, ಮೂರು ಸಲ. ನಲವತ್ತು ದಾಟಿದ ಗಂಡಸು ನಾನು. ಸುತ್ತಲಿದ್ದವರು ಮೊಬೈಲ್ ಎತ್ತಿದರು. ಅಲ್ಲಿಯ ಜನರೂ ಆ ಬಾಯಿಗೆ ಹೂವು, ತರಕಾರಿ ಅರ್ಪಿಸುವುದುಂಟು, ಹಾಗಾಗಿ ಯಾರೂ ತಡೆಯಲಿಲ್ಲ. ಅಮ್ಮ ಉಪ್ಪು, ಮೆಣಸಿನಕಾಯಿ ಒಳಗೆಸೆದು ಮೂಗೆತ್ತಿ ಮೂಸಿದಳು. ದೃಷ್ಟಿ ಜೋರಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ಅವಳ ನಂಬಿಕೆ.

"ನೋಡು, ಒಂಚೂರೂ ಘಾಟಿಲ್ಲ. ಅದೆಷ್ಟು ಜನದ ಕಣ್ಣು ಬಿದ್ದಿತ್ತೋ ನಿನ್ಮೇಲೆ."

ಆ ಗಂಧಕದ ನಡುವೆ ಒಂದು ಮೂಟೆ ಬ್ಯಾಡಗಿ ಸುಟ್ಟಿದ್ದರೂ ಘಾಟು ತಿಳಿಯುತ್ತಿರಲಿಲ್ಲ. ನನಗೆ ನಗು ಬಂತು. ನಗುವ ಭರದಲ್ಲಿ ಕಂಬಿ ಬಿಟ್ಟ ಕೈಯನ್ನು ಮಗಳು ಹಿಡಿದುಕೊಂಡಳು.

"ಕೆಳಗೆ ನೋಡ್ಬೇಡ ಅಪ್ಪ. ನನ್ ಶೂ ನೋಡ್ಕೊಂಡು ಬಾ."

ಹಾಗೆ ಕೊನೆಯ ಮೆಟ್ಟಿಲಿನವರೆಗೂ ಇಳಿಸಿದಳು.

ಈ ಉತ್ತರಾರ್ಧವನ್ನು ನಾನು ಯಾರಿಗೂ ಹೇಳಿದ್ದಿಲ್ಲ. ನನ್ನ ಕಥೆಯಲ್ಲಿ ಕೈ ಹಿಡಿದು ಇಳಿಸುವವನು ನಾನೇ. ನಿನ್ನೆಯೂ ಕಥೆ ಅಲ್ಲಿಗೆ ಬಂದಾಗ ಆಂಟಿ ಕೇಳಿದರು: "ಮಕ್ಳು ಹೆದರ್ಕೊಳ್ಲಿಲ್ವಾ?"

ಪಕ್ಕದಲ್ಲಿ ಮಗಳು ಬಾಯಿ ತುಂಬ ಪುರಿ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು.

"ಹೆದರಿದ್ದು ನಾನು ಆಂಟಿ. ಇವಳೇ ಕೈ ಹಿಡ್ಕೊಂಡು ಇಳಿಸಿದ್ದು."

ಮಗಳು ಪುರಿ ನುಂಗಿ ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದಳು: "ಯಾಕ್ ಹೇಳ್ದೆ ಅಪ್ಪ? ನಾನು ಯಾರ್ಗೂ ಹೇಳಿರ್ಲಿಲ್ಲ."