ಹೊಲಿಗೆ ಟೀಚರ್ ಮಾಡಿದ ಮನೆ

ಹೋದ ವಾರ ಹೊಲಿಗೆ ಮಶೀನು ರಿಪೇರಿಗೆ ಬಂದವನು ಚಕ್ರದ ಸಂದಿಗೆ ನಾಲ್ಕು ಹನಿ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹೊಲಿಗೆ ಟೀಚರ್ ನೆನಪಾದರು. ಅವರ ಸೆರಗಿನಿಂದ ಯಾವಾಗಲೂ ಅದೇ ವಾಸನೆ ಬರುತ್ತಿತ್ತು...

ರಾಮಕೃಷ್ಣನಗರದಲ್ಲಿ ನಾವಿದ್ದ ಮನೆಯ ಪಕ್ಕದ ಔಟ್‌ಹೌಸಿನಲ್ಲಿ ಅವರೊಬ್ಬರೇ ಇದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು. ಮದುವೆ ಮಾಡಿಕೊಂಡಿರಲಿಲ್ಲ. ನನಗೆ ಮಶೀನು ತುಳಿಯುವುದನ್ನು ಕಲಿಸಿದವರೂ ಅವರೇ. ಆ ವಿದ್ಯೆಯಿಂದಲೇ ಹೆಬ್ಬಾಳದ ಕಡೆ ಒಂದು ಗಾರ್ಮೆಂಟ್ಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಹೊಲಿಗೆ ಸೊಟ್ಟಗಾದರೆ ಅವರು ಬೈಯುತ್ತಿರಲಿಲ್ಲ, ಬಿಚ್ಚಿಸುತ್ತಿದ್ದರು. ಸರಿಯಾಗುವವರೆಗೂ, ಎಷ್ಟು ಸಲವಾದರೂ.

ಅವರಿಗೆ ಎಪ್ಪತ್ತು ದಾಟಿದ ವರ್ಷ ಔಟ್‌ಹೌಸನ್ನು ಕೆಡವಿ ಮಹಡಿ ಮನೆ ಕಟ್ಟಬೇಕೆಂದು ಅದರ ಮಾಲೀಕರು ತೀರ್ಮಾನಿಸಿದರು. ಮೂರು ತಿಂಗಳೊಳಗೆ ಖಾಲಿ ಮಾಡಬೇಕಿತ್ತು. ಮಂಡ್ಯದಿಂದ ತಮ್ಮನ ಮಗ ಬಂದು, "ನಮ್ಮನೇಲೇ ಇದ್ಬುಡಿ ಅತ್ತೆ" ಎಂದು ಪ್ರೀತಿಯಿಂದಲೇ ಕರೆದ. "ಹಬ್ಬಕ್ಕೆ ಬರ್ತೀನಿ ಕಣಪ್ಪ. ಇರೋದು ಮಾತ್ರ ನನ್ನ ಪಾಡಿಗೆ ನಾನು" ಎಂದು ಊಟ ಹಾಕಿ ಕಳಿಸಿದರು.

ಭಾನುವಾರಗಳಲ್ಲಿ ಅವರನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮನೆ ಹುಡುಕಲು ಹೊರಡುತ್ತಿದ್ದೆ. 'ಬಾಡಿಗೆಗಿದೆ' ಎಂಬ ಬೋರ್ಡು ಕಂಡಲ್ಲೆಲ್ಲ ಇಳಿದೆವು. ನಗುನಗುತ್ತಾ ಬಾಗಿಲು ತೆರೆದವರು, ಇರುವವರು ಟೀಚರ್ ಒಬ್ಬರೇ ಎಂದು ತಿಳಿದ ಕೂಡಲೇ ಮಾತು ತಿರುಗಿಸುತ್ತಿದ್ದರು. ಒಬ್ಬಾಕೆ ಮಾತ್ರ ನೇರವಾಗಿಯೇ, "ವಯಸ್ಸಾದೋರಿಗೆ ಕೊಡಲ್ಲ ಕಣಮ್ಮ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆಗ್ಬುಟ್ರೆ?" ಎಂದರು. ಟೀಚರ್ ಅವರ ಗೇಟನ್ನು ದಢಾರನೆ ಎಳೆದುಕೊಂಡು ಬಂದು ಸ್ಕೂಟಿ ಹತ್ತಿದರು.

ಐದನೆಯ ಭಾನುವಾರ ದಟ್ಟಗಳ್ಳಿಯಲ್ಲಿ ಬೀಗ ಹಾಕಿದ್ದ ಒಂದು ಪಿಜಿ ಕಣ್ಣಿಗೆ ಬಿತ್ತು. ಅಲ್ಲಿದ್ದ ಕಾಲೇಜು ಹುಡುಗಿಯರು ಖಾಲಿ ಮಾಡಿ ವರ್ಷವಾಗಿತ್ತಂತೆ. ನೆಲಮಹಡಿಯಲ್ಲೇ ಎಂಟು ಕೋಣೆ, ಪ್ರತಿಯೊಂದಕ್ಕೂ ಬಚ್ಚಲು, ಹಿಂದೆ ಒಂದು ಅಡುಗೆಮನೆ. ಟೀಚರ್ ಗೇಟು ಹಿಡಿದು ಬಹಳ ಹೊತ್ತು ನೋಡುತ್ತಾ ನಿಂತರು.

"ಒಬ್ಬಳಿಗೆ ಕೊಡಲ್ಲ ಅಂತಾರಲ್ಲ, ಎಂಟು ಜನ ಸೇರಿ ಕೇಳಿದ್ರೆ ಏನಂತಾರೆ ನೋಡೋಣ ಕಣೇ."

ಆ ಕಟ್ಟಡದ ಮಾಲೀಕರು ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದರು. ಕೇಳಿ ಹುಬ್ಬು ಗಂಟಿಕ್ಕಿದರು. "ಏನು, ವೃದ್ಧಾಶ್ರಮ ಮಾಡ್ತೀರಾ?"

"ಆಶ್ರಮ ಅಲ್ಲ ಕಣ್ರೀ, ಬಾಡಿಗೆ ಮನೆ. ಯಾರ ರೂಮು ಅವರದು, ಯಾರ ಬೀಗ ಅವರದು. ಅಡುಗೆಗೆ ಒಬ್ರನ್ನ ಇಟ್ಕೊಂಡು ಒಟ್ಟಿಗೆ ಉಣ್ತೀವಿ, ಅಷ್ಟೇ."

ಆರು ತಿಂಗಳು ನೋಡೋಣ ಎಂದು ಅವರು ಅರೆಮನಸ್ಸಿನಿಂದ ಒಪ್ಪಿದರು. ಟೀಚರ್ ಊರೆಲ್ಲ ಅಲೆದು ಜನ ಸೇರಿಸಿದರು. ಒಬ್ಬರು ನಿವೃತ್ತ ಬಸ್ ಕಂಡಕ್ಟರ್, ಇನ್ನೊಬ್ಬರು ಮಾರ್ಕೆಟ್ಟಿನಲ್ಲಿ ಹೂ ಮಾರುತ್ತಿದ್ದ ಅಜ್ಜಿ, ಜೊತೆಗೆ ಗಾರೆ ಕೆಲಸ ಬಿಟ್ಟ ಗಂಡ ಹೆಂಡತಿ... ಅಂತೂ ಐದು ಕೋಣೆ ತುಂಬಿದವು. ಖರ್ಚನ್ನೆಲ್ಲ ಹಂಚಿಕೊಂಡಿದ್ದರಿಂದ ಸಣ್ಣ ಪಿಂಚಣಿಯವರಿಗೂ ಭಾರವಾಗುತ್ತಿರಲಿಲ್ಲ.

ನಾಲ್ಕನೆಯ ತಿಂಗಳು ಕಂಡಕ್ಟರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಾಲೀಕರು ಮರುದಿನ ಬೆಳಿಗ್ಗೆಯೇ ಬಂದರು. "ನಾನು ಮೊದ್ಲೇ ಹೇಳಿದ್ದೆ. ಈ ವಯಸ್ಸಲ್ಲಿ ಇದೆಲ್ಲ ಆಗೋದೇ. ತಿಂಗಳ ಕೊನೆಗೆ ಖಾಲಿ ಮಾಡಿ." ಜಗಲಿಯಲ್ಲಿ ಕೂತಿದ್ದವರೆಲ್ಲ ತಲೆ ತಗ್ಗಿಸಿದರು. ಸುದ್ದಿ ಕೇಳಿ ಬಂದಿದ್ದ ನಾನು, ಇಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

ಟೀಚರ್ ಎದ್ದು ಹೋಗಿ ಕಂಡಕ್ಟರ್ ಬಿದ್ದ ಬಚ್ಚಲಿಗೆ ಒಂದು ಚೊಂಬು ಸೋಪಿನ ನೀರು ಸುರಿದು ಬಂದರು. "ಚಪ್ಪಲಿ ಬಿಟ್ಟು ಸ್ವಲ್ಪ ಒಳಗೆ ಬನ್ನಿ" ಎಂದು ಮಾಲೀಕರನ್ನು ಕರೆದರು. ಅವರಿಗಿನ್ನೂ ಐವತ್ತೂ ಆಗಿರಲಿಲ್ಲ. ಎರಡನೆಯ ಹೆಜ್ಜೆಗೇ ಸರ್ರನೆ ಜಾರಿ ನಲ್ಲಿಯನ್ನು ತಬ್ಬಿಕೊಂಡರು. ಅಷ್ಟರಲ್ಲೇ ಟೀಚರ್ ಅವರ ರಟ್ಟೆ ಹಿಡಿದಾಗಿತ್ತು.

"ಅವರು ಬಿದ್ದದ್ದು ವಯಸ್ಸಿಂದಲ್ಲ, ನಿಮ್ಮ ಟೈಲ್ಸಿಂದ."

ಹೂವಿನಜ್ಜಿ ಇಣುಕಿ ನೋಡಿ, "ಎಂಗಾಯ್ತು ಸ್ವಾಮಿ? ನಿಮಗೂ ವಯಸ್ಸಾಗ್ಬುಡ್ತಾ?" ಎಂದರು. ನಗು ಮೊದಲು ಮಾಲೀಕರಿಗೇ ಬಂತು. ಆಮೇಲೆ ಇಡೀ ಮನೆ ನಕ್ಕಿತು. ಎರಡೇ ದಿನದಲ್ಲಿ ಅವರು ಗಾರೆಯವರನ್ನು ಕರೆಸಿ ಒರಟು ಟೈಲ್ಸ್ ಹಾಕಿಸಿದರು, ತಮ್ಮ ಅಂಗಡಿಯಿಂದಲೇ ಸ್ಟೀಲ್ ಪೈಪು ತಂದು ಗೋಡೆಗೆ ಹಿಡಿಕೆ ಕೂರಿಸಿದರು.

ಎರಡು ತಿಂಗಳ ನಂತರ ಕಂಡಕ್ಟರ್ ವಾಕರ್ ಊರಿಕೊಂಡು ಆಟೋದಿಂದ ಇಳಿದರು. ಎಲ್ಲರೂ ಗೇಟಿನಲ್ಲಿ ಕಾದಿದ್ದೆವು. ಅವರು ಒಂದೊಂದೇ ಹೆಜ್ಜೆ ಇಟ್ಟು ಹೊಸಿಲು ದಾಟಿದರು. ಅಲ್ಲೇ ನಿಂತು ಜೇಬಿನಿಂದ ಹಳೆಯ ಸೀಟಿ ತೆಗೆದು ಊದಿ, "ರೈಟ್... ರೈಟ್!" ಎಂದು ಕೂಗಿದರು. ಟೀಚರ್ ಕಣ್ಣೊರೆಸಿಕೊಳ್ಳುತ್ತಲೇ ಚಪ್ಪಾಳೆ ತಟ್ಟಿದರು. ಬೀದಿಯವರೂ ಕಾಂಪೌಂಡಿನಾಚೆಯಿಂದ ತಟ್ಟಿದರು. ಆರು ತಿಂಗಳು ಮುಗಿದದ್ದನ್ನು ಮಾಲೀಕರು ನೆನಪಿಸಲೇ ಇಲ್ಲ. ವರ್ಷ ತುಂಬುವುದರೊಳಗೆ ಎಂಟೂ ಕೋಣೆ ತುಂಬಿದವು. ಪಕ್ಕದ ರಸ್ತೆಯಲ್ಲಿ ಖಾಲಿ ಕಟ್ಟಡವಿದ್ದ ಇನ್ನೊಬ್ಬರು ತಾವಾಗಿಯೇ ಬಂದು, "ನಮ್ಮ ಬಿಲ್ಡಿಂಗೂ ಒಂದ್ಸಲ ನೋಡಿ ಮೇಡಂ" ಎಂದು ಟೀಚರನ್ನು ಕೇಳಿಕೊಂಡರು. ಅವರು ಹೋಗಿ ಮೊದಲು ನೋಡಿದ್ದು ಬಚ್ಚಲನ್ನೇ.

ಒಂಬತ್ತು ವರ್ಷ ಅಲ್ಲಿದ್ದರು. ಹೋದ ಚಳಿಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ಆಸ್ಪತ್ರೆಯಲ್ಲಿ ಮನೆಯವರೆಲ್ಲ ಸರದಿಯ ಮೇಲೆ ಅವರ ಪಕ್ಕ ಕೂತಿದ್ದರು. ಕೊನೆಯ ದಿನ ಸಂಜೆ ನಾನು ಡ್ಯೂಟಿಯಲ್ಲಿದ್ದೆ. ಹೋಗಲಾಗಲಿಲ್ಲ...

ಮೊನ್ನೆ ಭಾನುವಾರ ಮನಸ್ಸು ತಡೆಯದೆ ದಟ್ಟಗಳ್ಳಿಗೆ ಹೋದೆ. ಟೀಚರ್ ಇದ್ದ ಕೋಣೆಯಿಂದ, ನಾನು ಯಾವತ್ತೂ ನೋಡಿರದ ಒಬ್ಬ ಅಜ್ಜಿ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದರು. "ಯಾರು ಬೇಕಿತ್ತಮ್ಮ?"

ನನಗೆ ಬೇಕಾದವರು ಇರಲಿಲ್ಲ. "ಯಾರೂ ಇಲ್ಲಮ್ಮ, ಸುಮ್ಮನೆ ನೋಡೋಣ ಅಂತ ಬಂದೆ" ಎಂದೆ.

"ಅದಕ್ಯಾಕೆ ಬಿಸಿಲಲ್ಲಿ ನಿಂತಿದೀರಿ? ನಮ್ಮನೆ ಇದು, ಬನ್ನಿ" ಎಂದು ಅವರು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.