ಅತ್ತ ನೋಡಿ ಇತ್ತ ಕೊಟ್ಟವಳು

ಕಳೆದ ವಾರ ಹುಬ್ಬಳ್ಳಿಯ ಕೇಶ್ವಾಪುರದ ಆಟದ ಸಾಮಾನಿನ ಅಂಗಡಿಗೆ ಹೋಗಿದ್ದೆ. ಆಡಲಿಕ್ಕಲ್ಲ, ಡಾಕ್ಟರು ದಿನಾ ಅಡ್ಡಾಡಲು ಹೇಳಿದ್ದರಿಂದ ಒಂದು ಜೊತೆ ಬೂಟು ಕೊಳ್ಳಲಿಕ್ಕೆ. ಅಂಗಡಿಯವ ನನ್ನ ಅಳತೆ ಹುಡುಕಲು ಒಳಗೆ ಹೋದಾಗ ಪಕ್ಕದ ಬುಟ್ಟಿಯಲ್ಲಿದ್ದ ಹೊಸ ವಾಲಿಬಾಲೊಂದನ್ನು ಎತ್ತಿ ಮೂಗಿಗೆ ಹಿಡಿದೆ. ಯಾಕೆ ಎಂದು ಕೇಳಬೇಡಿ. ಕೆಲವರು ಹೊಸ ಪುಸ್ತಕ ಮೂಸುತ್ತಾರೆ, ಕೆಲವರು ಮಾವಿನಹಣ್ಣು ಮೂಸುತ್ತಾರೆ, ನನ್ನದು ಇದು. ಚರ್ಮ, ಅಂಟು, ರಬ್ಬರು ಎಲ್ಲ ಕೂಡಿದ ಆ ವಾಸನೆ ಬಡಿದದ್ದೇ ತಡ, ನಿಂತಲ್ಲೇ ಒಬ್ಬಳೇ ನಗತೊಡಗಿದೆ. ಬೂಟಿನ ಡಬ್ಬಿ ಹಿಡಿದು ಬಂದ ಅಂಗಡಿಯವ ಸ್ವಲ್ಪ ದೂರವೇ ನಿಂತು, "ಆರಾಮ ಅದೀರಿಲ್ರಿ, ಅಕ್ಕಾರ?" ಎಂದು ವಿಚಾರಿಸಿದ.

ಆರಾಮವಾಗಿಯೇ ಇದ್ದೆ. ನೀಲಾ ನೆನಪಾಗಿದ್ದಳು, ಅಷ್ಟೆ.

ನೀಲಾ ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆಯವಳು. ಧಾರವಾಡದ ಕಾಲೇಜಿಗೆ ನಾವಿಬ್ಬರೂ ಒಂದೇ ವರ್ಷ ಸೇರಿ, ಹಾಸ್ಟೆಲ್ಲಿನ ಒಂದೇ ಕೋಣೆಗೆ ಬಿದ್ದು, ಒಂದೇ ವಾಲಿಬಾಲ್ ತಂಡಕ್ಕೆ ಆಯ್ಕೆಯಾದೆವು. ಅವಳು ಸೆಟ್ಟರ್. ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ನೆಟ್ಟಿನ ಹತ್ತಿರ ನಿಂತು, ಹಿಂದಿನಿಂದ ಬಂದ ಬಾಲನ್ನು ಬೆರಳತುದಿಯಿಂದ ಮೇಲಕ್ಕೆ ಎತ್ತಿಕೊಡುವವಳು ಸೆಟ್ಟರ್. ಹಾರಿ ಹೊಡೆಯುವವರು ಬೇರೆ. ಚಪ್ಪಾಳೆ ಸಿಗುವುದು ಹೊಡೆದವಳಿಗೆ. ಯಾರು ಹೊಡೆಯಬೇಕು ಎಂಬುದು ಮಾತ್ರ ಸೆಟ್ಟರಳ ಇಚ್ಛೆ. ಪಂಕ್ತಿಯಲ್ಲಿ ಹೋಳಿಗೆ ಬಡಿಸುವವಳಿಗಿರುವಂಥ ಅಧಿಕಾರ ಅದು. ನಾನು ಹೊಡೆಯುವವಳು. ಕನಿಷ್ಠ ತಂಡದ ಯಾದಿಯಲ್ಲಿ ಹಾಗೆಂದು ಬರೆದಿತ್ತು.

ನೀಲಾಳ ಕೈ ಬೆಣ್ಣೆ. ಮುಖ ಮಾತ್ರ ತೆರೆದಿಟ್ಟ ಬಾಗಿಲು. ಬಾಲನ್ನು ಎತ್ತ ಕೊಡಬೇಕೆಂದು ಮನಸ್ಸಿಗೆ ಬಂತೋ ಕಣ್ಣು ಅತ್ತ ಹೊರಳುತ್ತಿತ್ತು, ಕಣ್ಣಿನ ಹಿಂದೆ ಕತ್ತು, ಕತ್ತಿನ ಹಿಂದೆ ಬಾಯಿ. ಬಾಲ್ ಮುಟ್ಟುವ ಮೊದಲೇ ಎದುರಿನವರು ಅಲ್ಲಿ ಹೋಗಿ ಕೈ ಎತ್ತಿ ನಿಂತಿರುತ್ತಿದ್ದರು. ಮೊದಲ ವರ್ಷದ ಕೊನೆಯ ಪಂದ್ಯದಲ್ಲಂತೂ ಹುಬ್ಬಳ್ಳಿಯ ತಂಡದ ಕ್ಯಾಪ್ಟನ್ನು, "ಈಗ ಎಡಕ್ಕ ಬರ್ತೈತಿ ನೋಡ್ರಿ," ಎಂದು ಗಟ್ಟಿಯಾಗಿ ಹೇಳಿದಳು. ಎಡಕ್ಕೇ ಬಂತು. ಸೋತು ಟೆಂಪೋ ಹತ್ತಿ ಮರಳುವಾಗ ನಮ್ಮ ಆಟದ ಸರ್, ಸಿಟ್ಟು ಮಾಡುವುದೇ ಗೊತ್ತಿಲ್ಲದ ಮನುಷ್ಯ, ಕಿಟಕಿಯ ಹೊರಗೆ ನೋಡುತ್ತ ಹೇಳಿದರು:

"ನೀಲಾ, ನಿನ್ನ ಕೈ ಛಲೋ ಅದಾವ. ಕಣ್ಣು ಭಾಳ ಪ್ರಾಮಾಣಿಕ ಅದಾವ ನೋಡು. ಮುಂದಿನ ವರ್ಷಕ್ಕ ಬ್ಯಾರೆ ಸೆಟ್ಟರ್ ಹುಡುಕಬೇಕಾಗ್ತದೋ ಏನೋ."

ಪ್ರಾಮಾಣಿಕತೆಗೆ ಇಂಥ ಶಿಕ್ಷೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನೀಲಾ ಅಳಲಿಲ್ಲ. ತನ್ನ ಪಾಲಿನ ಚುರುಮುರಿ ಗಿರ್ಮಿಟ್ ತಿಂದು, ದುಃಖದಲ್ಲಿ ನನ್ನದನ್ನೂ ತಿಂದಳು.

ಅವಳ ಚಿಂತೆ ಇನ್ನೊಂದಿತ್ತು. ತಂಡದಲ್ಲಿ ಇರುವವರೆಗೆ ಮನೆಯಲ್ಲಿ ಮದುವೆಯ ಮಾತಿಗೆ ತಡೆಯಿತ್ತು. ತಂಡದಿಂದ ಬಿದ್ದರೆ ಗಂಡು ಬರುವುದು ನಿಶ್ಚಿತ. ಬೇಸಿಗೆಯ ಸೂಟಿ ಬಿದ್ದದ್ದೇ ಅವಳು ನನ್ನನ್ನೂ ಹಿಡಿದುಕೊಂಡು ಊರಿಗೆ ಹೊರಟಳು. ನನಗೆ ಹೇಳಿದ ಕಾರಣ ಮಾವಿನಕಾಯಿ. ನಿಜವಾದ ಕಾರಣ, ಬಾಲ್ ಒಗೆಯಲು ಒಬ್ಬ ಆಳು ಬೇಕಾಗಿತ್ತು.

ಹಿತ್ತಲಿನ ಬೇವಿನಮರಕ್ಕೆ ಸೈಕಲ್ಲಿನ ಹಳೆಯ ಟೈರು ಕಟ್ಟಿದಳು. ನಾನು ಬಾಲ್ ಒಗೆಯಬೇಕು, ಅವಳು ಅದನ್ನು ಎತ್ತಿ ಟೈರಿನೊಳಗೆ ತೂರಿಸಬೇಕು. ಮೊದಲು ಟೈರು ನೋಡುತ್ತ. ಆಮೇಲೆ ಎಮ್ಮೆಯನ್ನು ನೋಡುತ್ತ. ಆಮೇಲೆ ಟೈರಿಗೆ ಬೆನ್ನು ಕೊಟ್ಟು. ಅಷ್ಟಕ್ಕೇ ಬಿಟ್ಟಿದ್ದರೆ ಮನೆಯವರು ಬದುಕುತ್ತಿದ್ದರು. ಒಂದು ದಿನ ಮುಂಜಾನೆ ಹಲ್ಲುಜ್ಜುತ್ತ ಘೋಷಿಸಿದಳು:

"ಕಣ್ಣಿಗೆ ಸುಳ್ಳು ಹೇಳಾಕ ಕಲಿಸಬೇಕು. ಸೂಟಿ ಮುಗಿಯೂತನಕ, ಯಾರಿಗೆ ಏನ ಕೊಟ್ರೂ ಅವರ ಕಡೆ ನೋಡೂದಿಲ್ಲ."

ಊಟಕ್ಕೆ ಕೂತರೆ ಅಪ್ಪನ ಮುಖ ನೋಡುತ್ತ ನನ್ನ ತಾಟಿಗೆ ರೊಟ್ಟಿ ಹಾಕುವಳು. ಗೋಡೆಯ ಗಡಿಯಾರ ನೋಡುತ್ತ ಅವ್ವನ ವಾಟಗಕ್ಕೆ ಮಜ್ಜಿಗೆ ಹನಿಸುವಳು. ಮೊದಮೊದಲು ಸಾರು ಜನರಿಗಿಂತ ನೆಲಕ್ಕೇ ಹೆಚ್ಚು ಬಿತ್ತು. "ಯವ್ವಾ, ಇದಕ ಗಾಳಿ ಗೀಳಿ ಬಡದೈತೇನು?" ಎಂದು ಅವ್ವ ನನ್ನನ್ನು ಗುಟ್ಟಾಗಿ ಕೇಳಿದರು. ಬರಬರುತ್ತ ಏನು ಕೈ ಕುದುರಿತು ಅಂತೀರಿ! ಬಾಗಿಲಲ್ಲಿ ನಿಂತು ಓಣಿ ನೋಡುತ್ತ ಉಪ್ಪಿನಕಾಯಿ ಬಡಿಸಿದರೆ, ರೊಟ್ಟಿಯ ಅಂಚಿಗೆ ಸರಿಯಾಗಿ ಬಂದು ಕೂಡುತ್ತಿತ್ತು.

ಸೂಟಿ ಮುಗಿಯುವ ಮುಂಚೆಯೇ ಗಂಡು ಬಂದುಬಿಟ್ಟಿತು. ಹುಬ್ಬಳ್ಳಿಯ ಅರಳೆ ವ್ಯಾಪಾರದ ಮನೆತನ. ತಾವಾಗಿಯೇ ಕೇಳಿಕೊಂಡು ಬಂದವರಿಗೆ ಬೇಡವೆನ್ನಲು ನೀಲಾಳ ಅಪ್ಪನಿಗೆ ಆಗಿರಲಿಲ್ಲ. ನೀಲಾ ಸೀರೆಯುಟ್ಟು ಚಹಾದ ಟ್ರೇ ಹಿಡಿದು ಪಡಸಾಲೆಗೆ ಹೋದಳು. ನಾನು ಬಾಗಿಲ ಹಿಂದೆ. ಅವಳು ಗೋಡೆಯ ಕ್ಯಾಲೆಂಡರ್ ನೋಡುತ್ತ ಗಂಡಿನ ತಾಯಿಗೆ ಕಪ್ಪು ಕೊಟ್ಟಳು. ಆ ತಾಯಿಯನ್ನು ನೋಡುತ್ತ ಗಂಡಿಗೆ ಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ.

"ಹೆಸರೇನವಾ?" ಎಂದರು ಆ ತಾಯಿ.

"ನೀಲವ್ವ ರಿ," ಎಂದು ಇವಳು ಜಂತಿಗೆ ಹೇಳಿದಳು.

ಗಂಡಿನ ತಂದೆ ಮೆಲ್ಲಗೆ ನೀಲಾಳ ಅಪ್ಪನ ಕಡೆ ಬಾಗಿದರು. "ಹುಡುಗಿ ಭಾಳ ಛಲೋ ಅದಾಳ್ರಿ. ಕಣ್ಣಿನ ಡಾಕ್ಟರಿಗೆ ಏನರ ತೋರ್ಸೀರೇನ್ರಿ?"

ನಾನು ದುಪಟ್ಟಾದ ಚುಂಗು ಬಾಯಿಗೆ ತುರುಕಿಕೊಂಡೆ. ಅವರು ಉಪ್ಪಿಟ್ಟು ಮುಗಿಸಿ, ವಿಚಾರ ಮಾಡಿ ತಿಳಿಸುತ್ತೇವೆಂದು ಕಾರು ಹತ್ತಿದರು. ಹತ್ತಿದ ರೀತಿಯಲ್ಲೇ ವಿಚಾರ ಆಗಿಹೋದದ್ದು ತಿಳಿಯುತ್ತಿತ್ತು.

ಅಪ್ಪ ಹಿತ್ತಲಿಗೆ ಬಂದರು. ನಮ್ಮಿಬ್ಬರ ನಗು ಅಲ್ಲೇ ಒಣಗಿತು.

"ಖರೇ ಹೇಳು. ಬೇಕಂತ ಮಾಡಿದೇನು?"

ಆ ಸೂಟಿಯಲ್ಲಿ ಮೊದಲ ಸಲ ನೀಲಾ ಅಪ್ಪನನ್ನು ನೆಟ್ಟಗೆ ನೋಡಿದಳು. "ಇಲ್ಲಪಾ. ರೂಢಿ ಆಗಿಬಿಟ್ಟೈತಿ." "ಹೋದ ವರ್ಷ ನನ್ನಿಂದಽ ಸೋತ್ವಿ. ಇದೊಂದು ವರ್ಷ ಆಡಾಕ ಬಿಡು. ನನ್ನ ಕೈಲೆ ಆಗ್ತೈತಿ, ಅಪ್ಪಾ."

ಅವರು ಬೇವಿನ ಬುಡದಲ್ಲಿದ್ದ ಬಾಲನ್ನು ಎತ್ತಿಕೊಂಡು, ಕುಂಬಳಕಾಯಿ ನೋಡುವಂತೆ ತಿರುಗಿಸಿ ನೋಡಿದರು. "ಅದೇನು ಅತ್ತ ನೋಡಿ ಇತ್ತ ಒಗಿಯೂದು, ನನಗೂ ಒಮ್ಮೆ ತೋರ್ಸು."

ನಾನು ಒಗೆದೆ. ನೀಲಾ ಎಮ್ಮೆಯತ್ತ ನೋಡಿದಳು. ಅಪ್ಪ ಎಮ್ಮೆಯತ್ತ ಓಡಿದರು. ಬಾಲು ಅವರು ಬಿಟ್ಟುಹೋದ ಜಾಗದಲ್ಲಿ ಮೆತ್ತಗೆ ಬಿತ್ತು. ಆ ಮನುಷ್ಯ ನಕ್ಕದ್ದನ್ನು ನೀವು ನೋಡಬೇಕಿತ್ತು! ತಲೆಯ ಮೇಲಿನ ಟೋಪಿ ಕಳಚಿ ಎಮ್ಮೆಯ ಮೇವಿನ ಗ್ವಾದಲಿಯಲ್ಲಿ ಬಿತ್ತು. ಎಮ್ಮೆ ಅದನ್ನು ಮೂಸಿ ನೋಡಿ ಬೇಡವೆಂದಿತು. "ಆಡು ಹೋಗವಾ," ಎಂದರು ಕಣ್ಣೊರೆಸಿಕೊಳ್ಳುತ್ತ.

ಕಾಲೇಜು ಶುರುವಾದ ಮೇಲೆ ಮೊದಲ ದಿನದ ಅಭ್ಯಾಸದಲ್ಲೇ ಬಾಲು ನನ್ನ ತಲೆಯ ಮೇಲೆ ಬಿತ್ತು. ಇಡೀ ಸೂಟಿ ಅವಳ ಜೊತೆಗೇ ಇದ್ದೂ ಅವಳ ಕಣ್ಣನ್ನು ನಂಬಿದ್ದೆ. ಸರ್ ಅವರ ಬಾಯಿಯ ಸೀಟಿ ಕೆಳಗೆ ಬಿತ್ತು. ಬೇರೆ ಸೆಟ್ಟರಳ ಮಾತು ಅವರು ಮತ್ತೆ ಎತ್ತಲಿಲ್ಲ.

ಆ ವರ್ಷ ಫೈನಲ್ಲಿಗೆ ಬಂದೆವು. ಎದುರಿಗೆ ಮತ್ತೆ ಅದೇ ಹುಬ್ಬಳ್ಳಿಯ ತಂಡ. ನೀಲಾಳ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಗೆರೆಯ ಹತ್ತಿರವೇ ನಿಂತಿದ್ದರು. ಕೊನೆಯ ಸೆಟ್ಟು, ಇನ್ನೊಂದು ಪಾಯಿಂಟು ನಮ್ಮದಾದರೆ ಗೆಲುವು. ಬಾಲು ನೀಲಾಳ ಬೆರಳಿಗೆ ಬಂತು. ಅವಳು ಎಡಕ್ಕೆ ನೋಡಿದಳು, ಬಾಯಿ ಕೂಡ ಎಡಕ್ಕೆ ತೆರೆದಳು. ಎಡಗಡೆ ನಮ್ಮ ಕ್ಯಾಪ್ಟನ್ ಹಾರಿದಳು, ಅವಳ ಎದುರಿಗೆ ಅವರ ಮುಂದಿನ ಸಾಲಿನ ಮೂವರೂ ಹಾರಿದರು. ಬಲತುದಿಯಲ್ಲಿ ನನ್ನ ಮುಂದೆ ಬರೀ ನೆಟ್ಟು, ತಲೆಯ ಮೇಲೆ ಬಾಲು. ಎಷ್ಟು ಪುರುಸೊತ್ತಿನಿಂದ ಇಳಿಯುತ್ತಿತ್ತೆಂದರೆ ನನಗೆ ಹೆದರಲಿಕ್ಕೂ ಸಮಯ ಸಿಕ್ಕಿತು. ಹಾರಿದೆ. ಹೊಡೆದೆ. ಸ್ಮ್ಯಾಶ್ ಎಂದರೆ ಸುಳ್ಳಾದೀತು. ಅಂಗೈ ತಪ್ಪಿ ಮಣಿಕಟ್ಟಿಗೆ ತಗುಲಿ, ಯಾರೂ ಇಲ್ಲದ ಕಡೆ ಪುಸಕ್ಕನೆ ಬಿತ್ತು.

ಸೀಟಿಗಿಂತ ಮೊದಲು ಕೇಳಿದ್ದು ಅಪ್ಪನ ದನಿ. ಗುರುತಿಲ್ಲದವರ ಹೆಗಲು ಹಿಡಿದು ಅಲುಗಾಡಿಸುತ್ತಿದ್ದರು: "ನಮ್ಮ ಹುಡುಗಿ ರಿ! ನಮ್ಮ ನೀಲವ್ವ! ನನಗೂ ಹಿಂಗಽ ಮಾಡಿದ್ಲು ನೋಡ್ರಿ!"

ಈ ಪುರಾಣವನ್ನೆಲ್ಲ ಅಂಗಡಿಯವನಿಗೆ ಹೇಳಲಾಗುತ್ತದೆಯೇ? ಹೊರಗೆ ಬಂದವಳೇ ನೀಲಾಳಿಗೆ ಫೋನು ಮಾಡಿದೆ. ಅವಳೀಗ ಶಾಲೆಯೊಂದರಲ್ಲಿ ಆಟದ ಟೀಚರು. "ಮೂಸಿ ನೋಡೂದು ಸಾಕು," ಎಂದಳು, "ರವಿವಾರ ಮುಂಜಾನೆ ನವನಗರದಾಗ ನಾವು ಹೆಣ್ಮಕ್ಕಳು ಆಡ್ತೇವಿ. ನೀನೂ ಬಾ."

ಹೋದೆ. ಒಬ್ಬಳು ನರ್ಸು, ಒಬ್ಬಳು ಹೊಲಿಗೆಯವಳು, ಇಬ್ಬರು ಟೀಚರು, ಮೊಮ್ಮಗಳನ್ನು ಕಟ್ಟೆಯ ಮೇಲೆ ಕೂರಿಸಿ ಬಂದ ಒಬ್ಬ ಅಜ್ಜಿ. ನೀಲಾ ಎತ್ತಿಕೊಟ್ಟಳು, ನಾನು ಹಾರಿದೆ. ನೆಲ ಬಿಟ್ಟೆನೆಂದು ನನ್ನ ವಾದ, ನೀಲಾ ಒಪ್ಪುವುದಿಲ್ಲ. ಬಾಲು ಮಾತ್ರ ನೆಟ್ಟು ದಾಟಿತು. ದಾಟಿದ್ದನ್ನು ನೋಡುತ್ತ ನಾನು ಕೆಂಪು ಮಣ್ಣಿನಲ್ಲಿ ಕುಕ್ಕರಿಸಿ ಬಿದ್ದು, ಏಳಲಾರದೆ ನಕ್ಕೆ. ಎದುರಿನ ಅಜ್ಜಿ ನೆಟ್ಟು ಹಿಡಿದುಕೊಂಡು ನಕ್ಕರು.

"ಸಾಕೇಳು," ಎಂದಳು ನೀಲಾ, ಕೈ ಚಾಚಿ. "ಸರ್ವಿಸ್ ನಿಂದಽ ಐತಿ."

ಎದ್ದೆ.